ತಿರುಗಾಟದ ಪಟ್ಟಿ

ಕೇಳುಗರಿಗೆ ನಮಸ್ಕಾರ.

ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಮಲೆನಾಡಿನಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಕೆಲವು ವಾರಗಳಾಗಿರುತ್ತವೆ. ಗದ್ದೆಯ ಅಂಚು ಕಡಿದು, ಸಸಿಮಡಿಗೆ ನೀರು ಕಟ್ಟಿ ಬಂದವರು ತೀರ್ಥಹಳ್ಳಿಯ ಚಹಾದಂಗಡಿಯಲ್ಲಿ ಕಂಬಳಿಕೊಪ್ಪೆ ಕೊಡವಿ ಕುಳಿತರೆ ಮಾತು ಒಂದೇ ಕಡೆಗೆ ಹೊರಳುತ್ತದೆ. ಮುಂದಿನ ತಿರುಗಾಟಕ್ಕೆ ಯಾರು ಯಾವ ಮೇಳ? ಆ ಹುಡುಗನಿಗೆ ಈ ಸಲವಾದರೂ ಪುಂಡುವೇಷ ಸಿಗುತ್ತದೆಯೇ? ಎರಡನೆಯ ವೇಷದವರಿಗೆ ವಯಸ್ಸಾಯಿತು, ಯಜಮಾನರು ಏನು ಮಾಡುತ್ತಾರೆ?

ಇದೇ ಜೂನ್, ಜುಲೈ ತಿಂಗಳುಗಳಲ್ಲಿ ಇದೇ ಪ್ರಶ್ನೆಗಳನ್ನು ಕೇಳಿಕೊಳ್ಳುವ ಇನ್ನೊಂದು ಲೋಕವಿದೆ. ಅದು ರಗ್ಬಿಯ ಲೋಕ. ಇಂಗ್ಲೆಂಡ್, ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಫ್ರಾನ್ಸ್ ತಂಡಗಳು ಈ ದಿನಗಳಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಅರ್ಜೆಂಟೀನಾಗಳಿಗೆ ಹೋಗಿ ಆಡುತ್ತವೆ. ಉತ್ತರದವರು ಅದನ್ನು ಬೇಸಿಗೆ ಪ್ರವಾಸ ಎನ್ನುತ್ತಾರೆ. ಅವರು ಹೋಗಿ ಇಳಿಯುವ ದಕ್ಷಿಣದಲ್ಲಿ ಆಗ ಕೊರೆಯುವ ಚಳಿಗಾಲ. ನಮಗಂತೂ ಮಳೆಗಾಲ. ಹಾಗಾಗಿ ನಾನು ಅದನ್ನು ತಿರುಗಾಟ ಎಂದೇ ಕರೆಯುತ್ತೇನೆ. ಮೇಳದವರ ಈ ಮಾತು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕಡೆಗೆ ಹದಿನೈದು ಮಂದಿ. ಚೆಂಡು ಮೊಟ್ಟೆಯಾಕಾರದ್ದು. ಕೈಯಿಂದ ಎಸೆಯುವುದಾದರೆ ಹಿಂದಕ್ಕೇ ಎಸೆಯಬೇಕು. ಓಡುವವನನ್ನು ಹಿಡಿದು ಕೆಡವಬಹುದು. ಕಬಡ್ಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಐದು ಅಂಕ, ಅದಕ್ಕೆ ಟ್ರೈ ಎಂದು ಹೆಸರು. ಒದ್ದು ಕಂಬಗಳ ನಡುವೆ ದಾಟಿಸಿದರೆ, ಸಂದರ್ಭ ನೋಡಿಕೊಂಡು, ಎರಡೋ ಮೂರೋ ಅಂಕ. ಭಾರತಕ್ಕೂ ಈ ಆಟಕ್ಕೂ ಹಳೆಯ ನಂಟಿದೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಸೆಣಸುತ್ತ ಬಂದಿರುವ ಕಲ್ಕತ್ತಾ ಕಪ್, ಮುಚ್ಚಿಹೋದ ಕಲ್ಕತ್ತಾ ಕ್ಲಬ್ಬೊಂದರ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ್ದು. ಅದರ ಹಿಡಿಕೆಗಳು ನಾಗರಹಾವುಗಳು, ಮುಚ್ಚಳದ ಮೇಲೆ ಆನೆ.

ನಾನು ಇಪ್ಪತ್ತಾರು ವರ್ಷ ದೈಹಿಕ ಶಿಕ್ಷಕನಾಗಿದ್ದವನು. ಕಬಡ್ಡಿ, ಕೊಕ್ಕೊ, ವಾಲಿಬಾಲ್ ನನ್ನ ಬದುಕು. ರಗ್ಬಿಯನ್ನು ಮೊದಲು ಕಂಡದ್ದು 2003ರ ನವೆಂಬರ್ 22ರ ಶನಿವಾರ ಮಧ್ಯಾಹ್ನ, ಸಾಗರದ ನೆಂಟರ ಮನೆಯಲ್ಲಿ. ಚಪ್ಪರದಡಿ ಅಡಿಕೆ ಸುಲಿಯುವ ಕೆಲಸ ನಡೆದಿತ್ತು. ಒಳಗೆ ಟಿ.ವಿ.ಯಲ್ಲಿ ವಿಶ್ವಕಪ್ ಫೈನಲ್. ಸಿಡ್ನಿಯಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ಸಮಸಮ, ಹೆಚ್ಚುವರಿ ಆಟ ಮುಗಿಯಲು 26 ಸೆಕೆಂಡು ಉಳಿದಿದೆ. ಮ್ಯಾಟ್ ಡಾಸನ್ ರಾಶಿಬಿದ್ದ ಆಟಗಾರರ ಬುಡದಿಂದ ಚೆಂಡೆತ್ತಿ ಹಿಂದಕ್ಕೆ ಎಸೆದ. ಜಾನಿ ವಿಲ್ಕಿನ್ಸನ್ ಎಡಗಾಲಿನ ಆಟಗಾರ, ಆದರೂ ಬಲಗಾಲಿನಲ್ಲಿ ಒದ್ದ. ಇಂಗ್ಲೆಂಡ್ 20, ಆಸ್ಟ್ರೇಲಿಯಾ 17. ನಿಯಮಗಳು ಅರ್ಧ ತಿಳಿಯದಿದ್ದರೂ ನಾನು ಎದ್ದು ನಿಂತಿದ್ದೆ.

ಆಮೇಲೆ ಆ ಹುಡುಗ ಯಾರು, ಎಲ್ಲಿಂದ ಬಂದ ಎಂದು ಹುಡುಕಿಕೊಂಡು ಹೋದೆ. ಆಗ ಸಿಕ್ಕಿದ್ದು 1998ರ ಜೂನ್ 6. ಊರು ಬ್ರಿಸ್ಬೇನ್. ಆಸ್ಟ್ರೇಲಿಯಾ 76, ಇಂಗ್ಲೆಂಡ್ ಸೊನ್ನೆ. ಹನ್ನೊಂದು ಟ್ರೈ. ಇಂಗ್ಲೆಂಡ್ ಅದಕ್ಕಿಂತ ದೊಡ್ಡ ಸೋಲನ್ನು ಕಂಡಿಲ್ಲ. ಹಿರಿಯರಲ್ಲಿ ಅನೇಕರು ಗಾಯಗೊಂಡೋ ದಣಿದೋ ಮನೆಯಲ್ಲಿ ಉಳಿದಿದ್ದರು. ತರಬೇತುದಾರ ಕ್ಲೈವ್ ವುಡ್‌ವರ್ಡ್ ದೇಶದ ಪರ ಒಂದು ಪಂದ್ಯವನ್ನೂ ಆಡದ ಹುಡುಗರನ್ನು ಹಿಂಡಾಗಿ ಕರೆದೊಯ್ದಿದ್ದರು. ನ್ಯೂಜಿಲೆಂಡಿನಲ್ಲಿ 64–22, 40–10; ಕೊನೆಗೆ ದಕ್ಷಿಣ ಆಫ್ರಿಕಾದಲ್ಲಿ 18–0. ನಾಲ್ಕು ಟೆಸ್ಟ್, ನಾಲ್ಕು ಸೋಲು. ರಗ್ಬಿಯಲ್ಲಿ ಟೆಸ್ಟ್ ಎಂದರೆ ದೇಶದ ತಂಡದೊಡನೆ ಆಡುವ ಒಂದು ದಿನದ ದೊಡ್ಡ ಪಂದ್ಯ. ಅದಕ್ಕೆ ಇಂಗ್ಲೆಂಡಿನವರು ಇಟ್ಟ ಹೆಸರು ನರಕಯಾತ್ರೆ.

ಆ ಬ್ರಿಸ್ಬೇನ್ ಪಂದ್ಯದಲ್ಲಿ ಆಟ ನಡೆಸುವವನ ಹತ್ತನೆಯ ಅಂಗಿ ತೊಟ್ಟು ಮೊದಲ ಬಾರಿಗೆ ಆರಂಭದಿಂದ ಆಡಿದವನು ಹತ್ತೊಂಬತ್ತು ವರ್ಷದ ವಿಲ್ಕಿನ್ಸನ್. ಆ ತಿರುಗಾಟದ ನಾಯಕ ಮ್ಯಾಟ್ ಡಾಸನ್. ಸಿಡ್ನಿಯಲ್ಲಿ ಚೆಂಡು ಎಸೆದವನೂ ಒದ್ದವನೂ ಇವರಿಬ್ಬರೇ. ಜೋಶ್ ಲೂಸಿ, ಫಿಲ್ ವಿಕರಿ ಕೂಡ ಆ ಯಾತ್ರೆಗೆ ಹೋಗಿ ಬಂದವರು, ಫೈನಲ್‌ನಲ್ಲಿ ಆಡಿದವರು. ಸೋತ ತಂಡದಿಂದ ನಾಲ್ವರು ಉಳಿದರು. ಉಳಿದ ಹಲವರ ಹೆಸರು ಮತ್ತೆ ದೊಡ್ಡದಾಗಿ ಕೇಳಲಿಲ್ಲ. ಇದನ್ನು ಮರೆಮಾಚಬಾರದು. ಸಸಿಮಡಿಯಲ್ಲಿ ಕಿತ್ತದ್ದೆಲ್ಲ ಗದ್ದೆಯಲ್ಲಿ ನಿಲ್ಲುವುದಿಲ್ಲ. ಆದರೆ ಕೀಳದೆ, ನೆಡದೆ, ಯಾವುದು ನಿಲ್ಲುತ್ತದೆ ಎಂದು ತಿಳಿಯುವ ದಾರಿ ನನಗಂತೂ ಕಂಡಿಲ್ಲ.

ಈ ಮಾತನ್ನು ನಾನು ಬೆಲೆ ತೆತ್ತು ಕಲಿತೆ. ಒಂದು ವರ್ಷ ಶಿವಮೊಗ್ಗದ ಜಿಲ್ಲಾ ಕಬಡ್ಡಿ ಕೂಟಕ್ಕೆ ನಮ್ಮ ತಂಡವನ್ನು ಆರಿಸುವಾಗ ಹತ್ತನೆಯ ತರಗತಿಯ ಹುಡುಗರನ್ನೇ ತುಂಬಿಸಿದೆ. ಗೆದ್ದೆವು, ಮೆರವಣಿಗೆಯೂ ಆಯಿತು. ಮಾರನೆಯ ವರ್ಷ ಅವರೆಲ್ಲ ಶಾಲೆ ಬಿಟ್ಟು ಹೋದರು. ದೊಡ್ಡ ಅಂಗಳದ ಗದ್ದಲವನ್ನು ಕೇಳಿಯೇ ಇರದ ಹುಡುಗರು ಮೊದಲ ಸುತ್ತಿನಲ್ಲೇ ಕಂಗಾಲಾಗಿ ಮರಳಿದರು. ಅವರ ತಪ್ಪು ಒಂದಿನಿತೂ ಇರಲಿಲ್ಲ. ಹಿಂದಿನ ವರ್ಷ ಅವರಲ್ಲಿ ಇಬ್ಬರನ್ನಾದರೂ ಬಸ್ಸಿಗೆ ಹತ್ತಿಸಬೇಕಾಗಿತ್ತು.

ಮೇಳದವರಿಗೆ ಇದು ಮೊದಲಿನಿಂದ ಗೊತ್ತು. ಬಯಲಾಟದ ಮುನ್ನ ಕೋಡಂಗಿ, ಬಾಲಗೋಪಾಲ ವೇಷಗಳಲ್ಲಿ ಎಳೆಯ ಹುಡುಗರು ರಂಗಕ್ಕೆ ಬರುತ್ತಾರೆ. ಆಗ ಸಭೆ ಇನ್ನೂ ಪೂರ್ತಿ ನೆರೆದಿರುವುದಿಲ್ಲ, ತಾಳ ತಪ್ಪಿದರೂ ಪ್ರಸಂಗ ಕೆಡುವುದಿಲ್ಲ. ಹುಡುಗನಿಗೆ ಮಾತ್ರ ಚಂಡೆಯ ಸದ್ದು, ಬೆಳಕು, ಎದುರಿಗೆ ಕುಳಿತ ಜನ ಎಲ್ಲವೂ ಮೈಗೆ ಹತ್ತುತ್ತವೆ. ಹಳೆಯ ರಗ್ಬಿ ತಿರುಗಾಟಗಳಲ್ಲೂ ಇಂಥ ಜಾಗವಿತ್ತು. 1971ರಲ್ಲಿ ಇಂಗ್ಲೆಂಡ್, ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಈ ನಾಲ್ಕು ದೇಶಗಳ ಆಯ್ದ ಆಟಗಾರರು ಸೇರಿದ ಲಯನ್ಸ್ ತಂಡ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೋದಾಗ ಒಟ್ಟು 26 ಪಂದ್ಯ ಆಡಿತು. ಟೆಸ್ಟ್‌ಗಳು ನಾಲ್ಕು ಮಾತ್ರ. ಉಳಿದವು ಹೆಚ್ಚಾಗಿ ಊರೂರಿನ ಪ್ರಾಂತೀಯ ತಂಡಗಳ ವಿರುದ್ಧ, ಅವುಗಳಲ್ಲಿ ಹಲವು ವಾರದ ನಡುವೆ. ಮಂಗಳವಾರ ಚೆನ್ನಾಗಿ ಆಡಿದವನು ಶನಿವಾರದ ಟೆಸ್ಟ್ ಅಂಗಿಯನ್ನು ಕೇಳಿ ಪಡೆಯಬಹುದಿತ್ತು.

1997ರಲ್ಲಿ ಲಯನ್ಸ್ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಆದದ್ದು ಅದೇ. ತರಬೇತುದಾರ ಇಯಾನ್ ಮೆಕ್‌ಗೀಚನ್. ಆಗಿನ ವಿಶ್ವ ಚಾಂಪಿಯನ್ನರಾದ ದಕ್ಷಿಣ ಆಫ್ರಿಕಾದ ಬಲವೆಲ್ಲ ಸ್ಕ್ರಮ್ಮಿನಲ್ಲಿ ಎಂದು ಎಲ್ಲರೂ ನಂಬಿದ್ದರು. ಸ್ಕ್ರಮ್ ಎಂದರೆ ಎರಡೂ ಕಡೆಯ ಎಂಟೆಂಟು ಮಂದಿ ಹೆಗಲಿಗೆ ಹೆಗಲು ಕೊಟ್ಟು ನೂಕುವ ಗುಂಪು. ಅಲ್ಲಿ ಅವರ ಮುಂಚೂಣಿಯಲ್ಲಿದ್ದವನು ಓಸ್ ಡು ರಾಂಟ್. ಓಸ್ ಎಂದರೆ ಅವರ ಭಾಷೆಯಲ್ಲಿ ಎತ್ತು. ಅಂಥವನ ಎದುರು ಇನ್ನೂ ದೊಡ್ಡ ಎತ್ತನ್ನು ನಿಲ್ಲಿಸಬೇಕು ಎನ್ನುವುದು ಸಾಮಾನ್ಯ ಲೆಕ್ಕ. ಮೆಕ್‌ಗೀಚನ್ ಮತ್ತು ಅವರ ಜೊತೆಗಿದ್ದ ತರಬೇತುದಾರ ಜಿಮ್ ಟೆಲ್ಫರ್ ಇಬ್ಬರು ಗಿಡ್ಡ ಆಟಗಾರರನ್ನು ನಿಲ್ಲಿಸಿದರು. ಒಬ್ಬ ಟಾಮ್ ಸ್ಮಿತ್, ಸ್ಕಾಟ್ಲೆಂಡ್ ಪರ ಅದೇ ವರ್ಷ ಆಡತೊಡಗಿದ್ದವನು. ಇನ್ನೊಬ್ಬ ಐರ್ಲೆಂಡಿನ ಪಾಲ್ ವಾಲೆಸ್. ಮೊದಲ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ, ಬೇರೊಬ್ಬ ಗಾಯಗೊಂಡದ್ದರಿಂದ ಬಂದವನು. ಇಬ್ಬರೂ ಎಷ್ಟು ತಗ್ಗಿ ನೂಕಿದರೆಂದರೆ ದೊಡ್ಡ ಮೈಯವರಿಗೆ ಅವರ ಕೆಳಗೆ ಹೆಗಲು ತೂರಿಸಲು ಜಾಗವೇ ಸಿಗಲಿಲ್ಲ. ಕೆಸರಿನಲ್ಲಿ ಸಿಕ್ಕ ಗಾಡಿಯನ್ನು ಎತ್ತುವಾಗ ಮೊಣಕಾಲು ಬಗ್ಗಿಸಿ ಕೆಳಗಿನಿಂದ ಹೆಗಲು ಕೊಡುವವನನ್ನು ನೀವು ನೋಡಿದ್ದೀರಿ. ಅದೇ ಉಪಾಯ.

ಅದೇ ಸರಣಿಯಲ್ಲಿ ಇನ್ನೊಂದು ಆಯ್ಕೆ. ವೇಲ್ಸ್‌ನ ನೀಲ್ ಜೆಂಕಿನ್ಸ್ ಹತ್ತನೆಯ ಜಾಗದ ಆಟಗಾರ. ಅವನನ್ನು ಕೊನೆಯ ಕಾವಲಿಗೆ, ಹದಿನೈದನೆಯ ಅಂಗಿಗೆ ಹಾಕಿದರು. ಕಾರಣ ಒಂದೇ, ಅವನ ಒದೆತ ತಪ್ಪುತ್ತಿರಲಿಲ್ಲ. ಡರ್ಬನ್‌ನ ಎರಡನೆಯ ಟೆಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾ ಮೂರು ಟ್ರೈ ಗಳಿಸಿತು, ಒದೆತಗಳನ್ನೆಲ್ಲ ಕಳೆದುಕೊಂಡಿತು. ಜೆಂಕಿನ್ಸ್ ಐದು ಬಾರಿ ಒದ್ದು ಹದಿನೈದಕ್ಕೆ ಹದಿನೈದು ಮಾಡಿದ. ಕೊನೆಗೆ ಜೆರೆಮಿ ಗಸ್ಕಾಟ್ ಒದ್ದ ಒಂದು ಚೆಂಡು 18–15ರಿಂದ ಸರಣಿಯನ್ನೇ ಗೆದ್ದುಕೊಟ್ಟಿತು. ನನ್ನ ಮಟ್ಟಿಗೆ ಅದು ಗೆದ್ದದ್ದು ಅಂಗಳದಲ್ಲಿ ಅಲ್ಲ. ಹೆಸರು ಬರೆಯುವ ಮೇಜಿನ ಮೇಲೆ.

ಹೆಸರು ಹೊಡೆಯುವುದೂ ಅದೇ ಮೇಜಿನ ಮೇಲೆ. 2013ರಲ್ಲಿ ಆಸ್ಟ್ರೇಲಿಯಾದಲ್ಲಿ ಲಯನ್ಸ್ ಒಂದು ಟೆಸ್ಟ್ ಗೆದ್ದು ಒಂದು ಸೋತಿದ್ದರು. ನಾಯಕ ಸ್ಯಾಮ್ ವಾರ್ಬರ್ಟನ್ ಗಾಯಗೊಂಡ. ಮೂರನೆಯ ಟೆಸ್ಟ್‌ಗೆ ಐರ್ಲೆಂಡಿನ ಬ್ರಯಾನ್ ಓಡ್ರಿಸ್ಕಾಲ್ ನಾಯಕನಾಗುತ್ತಾನೆ ಎಂದು ಹಲವರು ಎಣಿಸಿದ್ದರು. ಅದು ಅವನ ನಾಲ್ಕನೆಯ, ಕೊನೆಯ ಲಯನ್ಸ್ ತಿರುಗಾಟ. ತರಬೇತುದಾರ ವಾರೆನ್ ಗ್ಯಾಟ್‌ಲ್ಯಾಂಡ್ ಅವನನ್ನು ಇಪ್ಪತ್ತಮೂರು ಮಂದಿಯ ಪಟ್ಟಿಯಿಂದಲೇ ಬಿಟ್ಟರು. ಐರ್ಲೆಂಡ್ ಕುದಿಯಿತು. ಲಯನ್ಸ್ 41–16ರಿಂದ ಗೆದ್ದರು. ಗೆಲುವು ಆ ಆಯ್ಕೆ ಸರಿ ಎಂದು ತೋರಿಸಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವನಿದ್ದರೂ ಗೆಲ್ಲಬಹುದಿತ್ತೇನೋ, ಯಾರು ಬಲ್ಲರು? ಆದರೆ ಹೆಸರಿನ ತೂಕಕ್ಕೆ ಮಣಿಯದೆ, ಆ ವಾರದ ಆಟವನ್ನು ನೋಡಿ ನಿರ್ಧರಿಸಿದ ಧೈರ್ಯವನ್ನು ಮಾತ್ರ ಗೌರವಿಸುತ್ತೇನೆ. ಅಂಥ ನಿರ್ಧಾರವನ್ನು ಬಿಟ್ಟುಹೋದವನ ಮುಖ ನೋಡಿ ಹೇಳಬೇಕು ಎನ್ನುವುದು ನನ್ನ ನಂಬಿಕೆ. ಒಮ್ಮೆ ಶಾಲೆಯಲ್ಲಿ ಒಬ್ಬ ಹುಡುಗನಿಗೆ ಹೇಳದೆ, ಅವನ ಹೆಸರು ಬಿಟ್ಟ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿ ಹೋಗಿದ್ದೆ. ಅವನು ಮಳೆಯಲ್ಲಿ ನಿಂತು ಅದನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ ಓದಿದ್ದನ್ನು ಕಿಟಕಿಯಿಂದ ಕಂಡೆ. ಆ ದಿನದ ನಂತರ ಯಾವ ಪಟ್ಟಿಯನ್ನೂ ಹಾಗೆ ಅಂಟಿಸಲಿಲ್ಲ.

ಐರ್ಲೆಂಡಿನ ಕಥೆ ನನಗೆ ಬಹಳ ಹಿಡಿಸಿದ್ದು. 2012ರ ಜೂನ್‌ನಲ್ಲಿ ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ಅವರು 60–0ರಿಂದ ಸೋತರು. ಆ ಟೆಸ್ಟ್‌ಗೆ ಪ್ಯಾಡಿ ವಾಲೆಸ್‌ನನ್ನು ಪೋರ್ಚುಗಲ್‌ನಲ್ಲಿ ರಜೆ ಕಳೆಯುತ್ತಿದ್ದಲ್ಲಿಂದ ಕರೆಸಿ ಆಡಿಸಿದ್ದರು. ಸಿದ್ಧವಾದ ಕೈಗಳು ಅಷ್ಟು ಕಡಿಮೆ ಇದ್ದವು. ಹತ್ತು ವರ್ಷದ ನಂತರ, 2022ರಲ್ಲಿ ತರಬೇತುದಾರ ಆಂಡಿ ಫಾರೆಲ್ ಅದೇ ನಾಡಿಗೆ ಹೋಗುವಾಗ ಮೂರು ಟೆಸ್ಟ್‌ಗಳ ಜೊತೆಗೆ ಅಲ್ಲಿನ ಮಾವೋರಿ ಮೂಲದ ಆಟಗಾರರ ತಂಡವಾದ ಮಾವೋರಿ ಆಲ್ ಬ್ಲ್ಯಾಕ್ಸ್ ವಿರುದ್ಧ ವಾರದ ನಡುವೆ ಎರಡು ಪಂದ್ಯಗಳೂ ಇದ್ದವು. ಹೊಸಬರು ಮೊದಲನೆಯದನ್ನು 32–17ರಿಂದ ಸೋತರು, ಎರಡನೆಯದನ್ನು 30–24ರಿಂದ ಗೆದ್ದರು. ಟೆಸ್ಟ್‌ಗಳಲ್ಲಿ ಆಕ್ಲೆಂಡ್‌ನಲ್ಲಿ 42–19ರ ಸೋಲು. ನಂತರ ಡನೀಡನ್‌ನಲ್ಲಿ 23–12, ವೆಲಿಂಗ್ಟನ್‌ನಲ್ಲಿ 32–22. ನ್ಯೂಜಿಲೆಂಡ್ ನೆಲದಲ್ಲಿ ಐರ್ಲೆಂಡ್ ಗೆದ್ದ ಮೊದಲ ಸರಣಿ ಅದು. ನಾಯಕ ಜಾನಿ ಸೆಕ್ಸ್‌ಟನ್ 2012ರ ಸೋಲಿನಲ್ಲೂ ಅಂಗಳದಲ್ಲಿದ್ದವನು.

ಫ್ರಾನ್ಸ್‌ನ ಕಷ್ಟ ಬೇರೆ ಬಗೆಯದು. ಅಲ್ಲಿನ ಕ್ಲಬ್ ಲೀಗ್‌ನ ಫೈನಲ್ ಜೂನ್ ಕೊನೆಯವರೆಗೂ ಎಳೆಯುತ್ತದೆ, ದೊಡ್ಡ ಹೆಸರುಗಳು ದಣಿದು ಮನೆಯಲ್ಲೇ ಉಳಿಯುತ್ತವೆ. ಎರಡನೆಯ ತಂಡ ಕಳಿಸಿದರು ಎಂದು ಆತಿಥೇಯರು ಮುನಿಸಿಕೊಳ್ಳುತ್ತಾರೆ. ಟಿಕೆಟ್ ಕೊಂಡ ಜನರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ 2021ರಲ್ಲಿ ಅಂಥದೇ ಎಳೆಯ ಫ್ರೆಂಚ್ ತಂಡ ಆಸ್ಟ್ರೇಲಿಯಾದಲ್ಲಿ 23–21, 33–30ರಿಂದ ಎರಡು ಸೋತು, ನಡುವಿನ ಮೆಲ್ಬರ್ನ್ ಪಂದ್ಯವನ್ನು 28–26ರಿಂದ ಗೆದ್ದಿತು. ಆ ನೆಲದಲ್ಲಿ ಫ್ರಾನ್ಸ್‌ಗೆ 31 ವರ್ಷಗಳ ನಂತರ ಸಿಕ್ಕ ಗೆಲುವು. ಅದನ್ನು ಎರಡನೆಯ ತಂಡ ಎಂದು ಹೇಗೆ ಕರೆಯಲಿ?

ನನ್ನ ಆತಂಕ ಈಗಿನದು. 2026ರಿಂದ ನೇಷನ್ಸ್ ಚಾಂಪಿಯನ್‌ಶಿಪ್ ಎಂಬ ಹೊಸ ಏರ್ಪಾಡು. ಹನ್ನೆರಡು ದೇಶಗಳು, ಜುಲೈಯಲ್ಲಿ ಮೂರು ಪಂದ್ಯ, ನವೆಂಬರ್‌ನಲ್ಲಿ ಮೂರು, ಕೊನೆಗೆ ಲಂಡನ್‌ನಲ್ಲಿ ಅಂತಿಮ ಸುತ್ತು. ಒಂದೇ ನಾಡಿನಲ್ಲಿ ಮೂರು ವಾರ ನಿಂತು, ಒಂದೇ ಎದುರಾಳಿಯೊಡನೆ ಸೋತು ತಿದ್ದಿಕೊಂಡು ಗೆಲ್ಲುವ ಸರಣಿಯ ಬದಲು, ಪ್ರತಿ ಶನಿವಾರ ಹೊಸ ಎದುರಾಳಿ, ಪ್ರತಿ ಪಂದ್ಯಕ್ಕೂ ಪಟ್ಟಿಯಲ್ಲಿ ಅಂಕ. ಜಪಾನ್, ಫಿಜಿ ತಂಡಗಳಿಗೆ ಇದರಲ್ಲಿ ಜಾಗ ಸಿಕ್ಕಿದ್ದು ನನಗೆ ನಿಜವಾದ ಸಂತೋಷ. ಆದರೆ ಅಂಕದ ಭಯವಿರುವಾಗ ಹತ್ತೊಂಬತ್ತರ ಹುಡುಗನ ಕೈಗೆ ಅಂಗಿ ಕೊಡುವವರು ಯಾರು? ಬಾಲಗೋಪಾಲರನ್ನು ಬಿಟ್ಟು ನೇರವಾಗಿ ಪ್ರಸಂಗಕ್ಕೆ ಇಳಿಯುವ ಮೇಳದಂತೆ ಆದೀತು ಎಂಬ ಅಳುಕು.

ನ್ಯೂಜಿಲೆಂಡಿನಲ್ಲಿ ಸಂಜೆ ಏಳೂ ಐದಕ್ಕೆ ಶುರುವಾಗುವ ಪಂದ್ಯ ನಮಗೆ ಮಧ್ಯಾಹ್ನ ಹನ್ನೆರಡೂ ಮೂವತ್ತೈದಕ್ಕೆ. ಶನಿವಾರ, ಊಟಕ್ಕೆ ಮುಂಚೆ, ಹೊರಗೆ ಹೆಂಚಿನ ಮೇಲೆ ಮಳೆ. ಅದಕ್ಕೂ ಎರಡು ದಿನ ಮೊದಲು ತಂಡದ ಪಟ್ಟಿ ಬರುತ್ತದೆ. ನಾನದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ, ಇಪ್ಪತ್ತಮೂರರಿಂದ ಹದಿನಾರಕ್ಕೆ, ಮೊದಲು ಬದಲಿ ಆಟಗಾರರ ಹೆಸರುಗಳು. ಆಡಿದ ಟೆಸ್ಟ್‌ಗಳು ಸೊನ್ನೆ ಎಂದು ಬರೆದಿರುವ ಹೆಸರು ಸಿಕ್ಕರೆ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿಡುತ್ತೇನೆ. ಪಂದ್ಯದ ಕೊನೆಯ ಇಪ್ಪತ್ತು ನಿಮಿಷದಲ್ಲಿ ಆ ಹುಡುಗ ಬೆಂಚಿನಿಂದ ಎದ್ದು, ಮೇಲಂಗಿ ಕಳಚಿ, ಗೆರೆಯ ಬಳಿ ಬಂದು ನಿಲ್ಲುತ್ತಾನೆ. ಅಷ್ಟು ಹೊತ್ತಿಗೆ ಒಳಗಿನಿಂದ ಊಟಕ್ಕೆ ಕರೆದರೂ ನಾನು ಏಳುವುದಿಲ್ಲ.

ನಮಸ್ಕಾರ.