ದುರ್ಬೀನು ನಿಮ್ಮ ಕಣ್ಣಿಗೆ ಹೊಂದುತ್ತದಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಹಕ್ಕಿ ನೋಡುವುದಕ್ಕೆ ಅಂತ ದುರ್ಬೀನು, ಅಂದರೆ ಬೈನಾಕ್ಯುಲರ್, ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದೇ ಇದು, ಎಷ್ಟು ದೂರ ಕಾಣ್ತದೆ? ಅಂಗಡಿಯವರೂ ಬಿಡುವುದಿಲ್ಲ, ಹತ್ತು ಕಿಲೋಮೀಟರ್ ಅಂದುಬಿಡುತ್ತಾರೆ. ಬರಿಗಣ್ಣಿಗೇ ಚಂದ್ರ ಕಾಣುತ್ತಾನೆ ಮಾರಾಯ್ರೆ, ದೂರದ ಮಾತು ಬಿಡಿ. ಇದು ನನ್ನ ಕಣ್ಣಿಗೆ ಹೊಂದುತ್ತದಾ ಅಂತ ಕೇಳಿ. ಪಕ್ಕದ ಮನೆಯವರು ಚಂದ ಉಂಟು ಅಂತ ಹೊಗಳಿದ ದುರ್ಬೀನಿನಲ್ಲೇ ನಿಮಗೆ ಅರ್ಧ ಚಿತ್ರ, ಅರ್ಧ ಕಪ್ಪು ನೆರಳು ಕಾಣಬಹುದು. ಚಪ್ಪಲಿಯನ್ನು ಕಾಲಿಗೆ ಹಾಕಿ ನೋಡಿ ಕೊಳ್ಳುವ ನಾವು, ಇದನ್ನು ಮಾತ್ರ ಫೋನಿನಲ್ಲಿ ಫೋಟೋ ನೋಡಿ ತರಿಸುತ್ತೇವೆ.

ಮೊದಲು ಅದರ ಮೇಲಿರುವ ಅಂಕಿ ನೋಡೋಣ. 8×42 ಅಂತ ಬರೆದಿದ್ದರೆ, ಹಕ್ಕಿ ಎಂಟು ಪಟ್ಟು ಹತ್ತಿರ ಬಂದಂತೆ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಈಗ ದುರ್ಬೀನನ್ನು ಕೈ ಚಾಚಿ ಹಿಡಿದು ಬೆಳಕಿರುವ ಗೋಡೆಯ ಕಡೆ ತಿರುಗಿಸಿ. ಕಣ್ಣಿಡುವ ಗಾಜಿನ ನಡುವೆ ಒಂದು ಪುಟ್ಟ ಬೆಳಕಿನ ಬೊಟ್ಟು ಕಾಣುತ್ತದೆ. 42ನ್ನು 8ರಿಂದ ಭಾಗಿಸಿ, 5ಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ ಅಲ್ವಾ, ಆ ಬೊಟ್ಟಿನ ಅಗಲ ಅಷ್ಟೇ ಮಿಲಿಮೀಟರ್. ನಿಮ್ಮ ಕಣ್ಣಿನೊಳಗೆ ಹೋಗುವುದು ಈ ಬೆಳಕು. ನಡು ಹಗಲಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗುತ್ತದೆ. ಕತ್ತಲಲ್ಲಿ ಹರೆಯದವರಿಗೆ 7ರವರೆಗೂ ಅರಳಬಹುದು, ವಯಸ್ಸಾದಂತೆ ಅಷ್ಟು ಅರಳುವುದಿಲ್ಲ. ಹಾಗಾಗಿ ಹಡಗಿನವರು ಇಷ್ಟಪಡುವ ದೊಡ್ಡ 7×50 ಅರವತ್ತು ದಾಟಿದವರಿಗೆ ಸುಮ್ನೆ ಕುತ್ತಿಗೆಗೆ ಭಾರ, ಬಂದ ಬೆಳಕಿನಲ್ಲಿ ಅರ್ಧದಷ್ಟು ಪಾಪೆಯ ಹೊರಗೇ ಬೀಳುತ್ತದೆ. ಜೇಬಿಗೆ ಹಿಡಿಸುವ 8×25ರ ಬೊಟ್ಟು 3 ಮಿಲಿಮೀಟರ್ ಚಿಲ್ಲರೆ. ಹಗಲಿಗೆ ಸಾಕು. ಮಳೆಗಾಲದ ಸಂಜೆ ಅಡಿಕೆ ತೋಟದೊಳಗೆ ನಿಂತರೆ ಸಾಲುವುದಿಲ್ಲ. ಇನ್ನೊಂದು, ಆ ಬೊಟ್ಟು ದುಂಡಗಿರದೆ ಅಂಚು ಕತ್ತರಿಸಿದ ಹಾಗೆ ಚೌಕ ಚೌಕವಾಗಿದ್ದರೆ ಒಳಗಿನ ಗಾಜಿನಲ್ಲಿ ಎಲ್ಲೋ ಕಂಜೂಸಿತನ ಮಾಡಿದ್ದಾರೆ ಅಂತ ಲೆಕ್ಕ.

ಎಂಟು ಪಟ್ಟಿನದು ಒಳ್ಳೆಯದಾ ಹತ್ತು ಪಟ್ಟಿನದು ಒಳ್ಳೆಯದಾ ಅಂತ ತುಂಬ ಜನ ಕೇಳುತ್ತಾರೆ. ಉಡುಪಿ ಕಡೆಯ ಕೋಡಿ ಬೆಂಗ್ರೆಯಲ್ಲಿ ಇಳಿತದ ಹೊತ್ತಿಗೆ ಮರಳುದಿಣ್ಣೆಯ ಮೇಲೆ ಓಡಾಡುವ ಗೊರವಗಳನ್ನು, ಕಡಲಕ್ಕಿಗಳನ್ನು ನೋಡುವುದೇ ಮುಖ್ಯವಾದರೆ ಹತ್ತು ಬೇಕೆನಿಸುತ್ತದೆ, ಸರಿ. ಆದರೆ ಹತ್ತು ಪಟ್ಟು ದೊಡ್ಡದಾಗುವುದು ಹಕ್ಕಿ ಮಾತ್ರವಲ್ಲ, ನಿಮ್ಮ ಕೈ ನಡುಕವೂ ಅಷ್ಟೇ ದೊಡ್ಡದಾಗುತ್ತದೆ, ಕಾಣುವ ಜಾಗವೂ ಕಿರಿದಾಗುತ್ತದೆ. ತೋಟದಲ್ಲಿ, ಮಂಗಳೂರಿನ ಪಿಲಿಕುಳದ ಮರಗಳ ಕೆಳಗೆ, ಮಣಿಪಾಲದ ಮಣ್ಣಪಳ್ಳ ಕೆರೆಯ ದಂಡೆಯಲ್ಲಿ ಎಂಟೇ ವಾಸಿ ಎಂಬುದು ನನ್ನ ಅಭಿಪ್ರಾಯ. ಎಲೆಗಳ ನಡುವೆ ಹಾರಿ ಕೂರುವ ಸೂರಕ್ಕಿಯನ್ನು ಹತ್ತರಲ್ಲಿ ಹುಡುಕುವಷ್ಟರಲ್ಲಿ ಅದು ಮುಂದಿನ ದಾಸವಾಳಕ್ಕೆ ಹೋಗಿರುತ್ತದೆ. 20ರಿಂದ 100 ಪಟ್ಟು ಜೂಮ್, ಕೆಂಪಗೆ ಹೊಳೆಯುವ ಗಾಜು ಅಂತೆಲ್ಲ ಜಾತ್ರೆಯಲ್ಲಿ ಮಾರುತ್ತಾರಲ್ಲ, ಅದರ ಹತ್ತಿರ ಹೋಗಬೇಡಿ.

ಈಗ ಕನ್ನಡಕದವರ ವಿಷಯ. ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಹೆಚ್ಚಿನವರು ಸೋಲುವುದು ಇಲ್ಲೇ. ದುರ್ಬೀನಿನ ಹಿಂದಿನ ಗಾಜಿನಿಂದ ಇಂತಿಷ್ಟು ದೂರದಲ್ಲಿ ಕಣ್ಣಿದ್ದರೆ ಮಾತ್ರ ಪೂರ್ತಿ ಚಿತ್ರ ಕಾಣುತ್ತದೆ. ಇದಕ್ಕೆ ಐ ರಿಲೀಫ್ ಅನ್ನುತ್ತಾರೆ. ಕನ್ನಡಕದ ಗಾಜೇ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ಮುಂದಿರುತ್ತದೆ, ಹಾಗಾಗಿ ಕನ್ನಡಕದವರಿಗೆ ಈ ದೂರ ಕಡಿಮೆಯೆಂದರೆ 15 ಬೇಕು, 17 ಅಥವಾ 18 ಇದ್ದರೆ ಆರಾಮ. ಆದರೆ ಡಬ್ಬಿಯ ಮೇಲಿನ ಅಂಕಿಯನ್ನೇ ನಂಬಿ ಕೂರಬೇಡಿ. ಕೆಲವು ದುರ್ಬೀನುಗಳಲ್ಲಿ ಆ ಗಾಜು ರಬ್ಬರ್ ಬಟ್ಟಲಿನೊಳಗೆ ಆಳದಲ್ಲಿ ಕೂತಿರುತ್ತದೆ, 17 ಅಂತ ಬರೆದದ್ದರಲ್ಲಿ ನಿಮ್ಮ ಕೈಗೆ ಸಿಗುವುದು ಹದಿಮೂರೋ ಹದಿನಾಲ್ಕೋ. ಕನ್ನಡಕ ಹಾಕಿಕೊಂಡೇ ನೋಡಿ, ರಬ್ಬರ್ ಬಟ್ಟಲನ್ನು ತಿರುಗಿಸಿ ಪೂರ್ತಿ ಒಳಗೆ ಇಳಿಸಿ. ಚಿತ್ರದ ಸುತ್ತಿನ ಅಂಚು ದುಂಡಗೆ, ಚೂಪಾಗಿ ಕಂಡರೆ ಸರಿ. ಕೊಳವೆಯೊಳಗೆ ಇಣುಕಿದ ಹಾಗಿದ್ದರೆ ಅದನ್ನು ಅಲ್ಲೇ ಇಟ್ಟು ಬನ್ನಿ. ಕನ್ನಡಕ ಇಲ್ಲದವರು ಬಟ್ಟಲನ್ನು ಹೊರಗೆಳೆದುಕೊಳ್ಳಬೇಕು, ಇಲ್ಲದಿದ್ದರೆ ಕಣ್ಣು ತೀರಾ ಹತ್ತಿರವಾಗಿ ಕಪ್ಪು ನೆರಳು ಓಡಾಡುತ್ತದೆ.

ಕನ್ನಡಕ ತೆಗೆದು ನೋಡಿದರಾಗದಾ ಅಂದರೆ, ದೂರದ್ದು ಕಾಣದವರಿಗೆ ಫೋಕಸ್ ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಕಣ್ಣಿನ ಡಾಕ್ಟರು ಕೊಡುವ ಚೀಟಿಯಲ್ಲಿ ಸಿಲಿಂಡರ್ ಪವರ್ ಅಂತ ಬರೆದಿರುತ್ತದಲ್ಲ, ಅದನ್ನು ಯಾವ ಫೋಕಸ್ ಚಕ್ರವೂ ಸರಿಮಾಡುವುದಿಲ್ಲ. ಅದು ಜಾಸ್ತಿ ಇರುವವರು ಕನ್ನಡಕದಲ್ಲೇ ನೋಡಬೇಕು. ಅಷ್ಟಲ್ಲದೆ, ಮರದ ಮೇಲೆ ಮಂಗಟ್ಟೆ ಎಲ್ಲಿ ಕೂತಿದೆ ಅಂತ ಮೊದಲು ದುರ್ಬೀನಿಲ್ಲದೆ, ಕನ್ನಡಕದಲ್ಲೇ ಹುಡುಕಬೇಕಲ್ವಾ? ಕನ್ನಡಕ ತೆಗೆದು ದುರ್ಬೀನು ಎತ್ತುವುದರೊಳಗೆ ಅದು ಪಕ್ಕದ ಗುಡ್ಡೆಗೆ ದಾಟಿರುತ್ತದೆ. ಬರೀ ಚಾಳೀಸಿನವರಿಗೆ ಈ ಕಷ್ಟ ಇಲ್ಲ, ಓದುವ ಕನ್ನಡಕ ಜೇಬಿನಲ್ಲೇ ಇರಲಿ. ಕೆಳಗೆ ಓದುವ ಭಾಗ, ಮೇಲೆ ದೂರದ ಭಾಗ ಇರುವ ಕನ್ನಡಕವಾದರೆ ಮೇಲಿನ ಭಾಗದಿಂದಲೇ ನೋಡಿ.

ಇನ್ನು ದುರ್ಬೀನನ್ನು ನಿಮ್ಮ ಕಣ್ಣಿಗೆ ಕೂರಿಸುವ ಕೆಲಸ. ಎರಡು ಕಣ್ಣುಗಳ ನಡುವಿನ ಅಂತರ ಎಲ್ಲರಿಗೂ ಒಂದೇ ಅಲ್ಲ. ನಡುವಿನ ಕೀಲನ್ನು ಮಡಚುತ್ತಾ ಬನ್ನಿ, ಎರಡು ವೃತ್ತ ಸೇರಿ ಒಂದಾಗಬೇಕು. ಮಕ್ಕಳಿಗೆ, ಸಣ್ಣ ಮುಖದವರಿಗೆ ಕೆಲವು ಅಷ್ಟು ಹತ್ತಿರಕ್ಕೆ ಮಡಚುವುದೇ ಇಲ್ಲ, ಅಂಗಡಿಯಲ್ಲೇ ನೋಡಿಕೊಳ್ಳಿ. ಆಮೇಲೆ ದೂರದ ಅಂಗಡಿ ಬೋರ್ಡೋ, ತೆಂಗಿನ ಗರಿಯೋ, ಒಂದನ್ನು ಆರಿಸಿ. ಬಲಗಡೆಯ ಮುಂದಿನ ಗಾಜನ್ನು ಅಂಗೈಯಲ್ಲಿ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿ. ಈಗ ಎಡಗಡೆ ಮುಚ್ಚಿ. ನಡುವಿನ ಚಕ್ರ ಮುಟ್ಟಬೇಡಿ. ಹೆಚ್ಚಿನವುಗಳಲ್ಲಿ ಬಲಗಣ್ಣಿನ ಹತ್ತಿರ ಒಂದು ಉಂಗುರ ಇರುತ್ತದೆ, ಅದನ್ನು ತಿರುಗಿಸಿ ಅದೇ ಬೋರ್ಡು ಸ್ಪಷ್ಟ ಮಾಡಿ. ಅಲ್ಲಿಂದ ಮುಂದೆ ನಡುವಿನ ಚಕ್ರ ಒಂದೇ ಸಾಕು. ಎಷ್ಟೋ ಜನ ವರ್ಷಗಟ್ಟಲೆ ಈ ಉಂಗುರ ಮುಟ್ಟದೆ, ದುರ್ಬೀನು ಸರಿ ಇಲ್ಲ ಅಂತ ಬೈಯುತ್ತಿರುತ್ತಾರೆ. ಒಂದೇ ಕಣ್ಣಿನ ಪೊರೆ ತೆಗೆಸಿದವರಿಗಂತೂ ಎರಡು ಕಣ್ಣಿನ ಪವರ್ ಹೆಚ್ಚಾಗಿ ಬೇರೆ ಬೇರೆ ಇರುತ್ತದೆ, ಅವರಿಗೆ ಇದು ಬೇಕೇ ಬೇಕು.

ಅಂಗಡಿಯಿಂದ ಹೊರಬರುವ ಮೊದಲು ದೂರದ ಕರೆಂಟ್ ತಂತಿಯನ್ನೋ ಮಾಡಿನ ಅಂಚನ್ನೋ ಐದು ನಿಮಿಷ ಬಿಡದೆ ನೋಡಿ. ತಂತಿ ಎರಡಾಗಿ ಕಂಡರೆ, ಹಣೆ ಎಳೆದಂತಾದರೆ, ಎರಡು ಕೊಳವೆಗಳು ಒಂದೇ ನೇರಕ್ಕೆ ಇಲ್ಲ ಅಂತ ಅರ್ಥ. ಮೊದಲ ಅರ್ಧ ನಿಮಿಷ ಕಣ್ಣೇ ಹೇಗೋ ಸರಿದೂಗಿಸಿಕೊಳ್ಳುತ್ತದೆ, ಅದಕ್ಕೇ ಐದು ನಿಮಿಷ ಅಂದದ್ದು. ಮಲ್ಪೆ ಕಡಲಂಚಿನಲ್ಲಿ ಮುಳುಗುವ ಸೂರ್ಯನನ್ನು ದುರ್ಬೀನಿನಲ್ಲಿ ನೋಡುವವರಿದ್ದಾರೆ, ಕೆಂಪಾಗಿದ್ದರೂ ಬೇಡ, ಕಣ್ಣು ಶಾಶ್ವತವಾಗಿ ಹೋದೀತು.

ನಮ್ಮ ಕರಾವಳಿಯ ತೇವಕ್ಕೆ ಗಾಜಿನೊಳಗೆ ಬೂಸು ಹಿಡಿಯುತ್ತದೆ. ಒಳಗೆ ನೈಟ್ರೋಜನ್ ತುಂಬಿದ, ನೀರು ಹೋಗದ ದುರ್ಬೀನಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಜೂನ್ ಬಂತೆಂದರೆ ಚರ್ಮದ ಚೀಲದಿಂದ ತೆಗೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮತ್ತೆ ಆ ಬಲಗಡೆಯ ಉಂಗುರ, ಮನೆಯಲ್ಲಿ ನಾಲ್ಕು ಜನ ನೋಡುವುದಾದರೆ ಒಬ್ಬೊಬ್ಬರೂ ತಿರುಗಿಸಿಬಿಡುತ್ತಾರೆ. ನಿಮ್ಮ ಜಾಗಕ್ಕೆ ನೇಲ್ ಪಾಲಿಶಿನಲ್ಲಿ ಒಂದು ಚುಕ್ಕೆ ಇಡಿ, ಮನೆಯವರದ್ದಕ್ಕೆ ಬೇರೆ ಬಣ್ಣ. ನಮಸ್ಕಾರ.