ಮೊದಲು ಡ್ರೈವ್, ಆಮೇಲೆ ಎಂಜಿನ್

ಈಗ ಪರದೆ ಮೇಲೆ ಕಾಣ್ತಿರೋದು ನನ್ನ ಬೋಟಿನ ಹಿಂಭಾಗ. ಮಧ್ಯದಲ್ಲಿ ಇರೋ ಆ ದೊಡ್ಡ ತೂತಿನಲ್ಲಿ ಕೈಯಷ್ಟೇ ಅಲ್ಲ, ತಲೆಯನ್ನೇ ತೂರಿಸಬಹುದು. ತೂರಿಸಿ ನೋಡಿದ್ದೀನಿ, ಅದಕ್ಕೇ ಹೇಳ್ತಿದ್ದೀನಿ. ಒಂದು ಕಾಲದಲ್ಲಿ ಅಲ್ಲಿ ಸ್ಟರ್ನ್‌ಡ್ರೈವ್ ಕೂತಿತ್ತು, ಅಂದ್ರೆ ಬೋಟಿನೊಳಗಿನ ಎಂಜಿನ್ನಿನ ಶಕ್ತಿಯನ್ನ ಹೊರಗಿನ ಪ್ರೊಪೆಲರಿಗೆ ಮುಟ್ಟಿಸೋ ಗೇರಿನ ಘಟಕ. ಹಿಂದಿನ ಮಾಲೀಕರು ಎಂಜಿನ್ನು, ಡ್ರೈವು ಎರಡನ್ನೂ ಬಿಚ್ಚಿ ಬೇರೆ ಯಾರಿಗೋ ಕೊಟ್ಟು, ಬರೀ ಹಲ್, ಅಂದ್ರೆ ಬೋಟಿನ ಖಾಲಿ ಒಡಲು, ನನ್ನ ತಲೆಗೆ ಕಟ್ಟಿದ್ರು. ಸಂತೋಷವಾಗೇ ಕಟ್ಟಿಸಿಕೊಂಡೆ.

ಉದ್ದ 24 ಅಡಿ. ತಳ ಡೀಪ್ ವೀ, ಹಿಂಭಾಗದಲ್ಲಿ ಡೆಡ್‌ರೈಸ್ (ತಳದ ಇಳಿಜಾರಿನ ಕೋನ) 24 ಡಿಗ್ರಿ. ಅಂದ್ರೆ ತಳ ಚಪ್ಪಟೆಯಾಗಿಲ್ಲ, ಬಾಲದವರೆಗೂ ಚೂಪಾಗೇ ಇದೆ. ರೇ ಹಂಟ್ ಅನ್ನೋ ಅಮೆರಿಕದ ವಿನ್ಯಾಸಕಾರ ತಂದ ಆಕಾರ ಇದು. 1960ರ ಮಯಾಮಿ-ನಸ್ಸೌ ರೇಸಿನಲ್ಲಿ ಅವನ ವಿನ್ಯಾಸದ 'ಮಾಪಿ' ಗೆದ್ದ ಮೇಲೆ ವೇಗದ ಬೋಟುಗಳ ಮುಖವೇ ಬದಲಾಯ್ತು. ಅಲೆಯನ್ನು ಬಡಿಯದೆ ಸೀಳಿಕೊಂಡು ಹೋಗುತ್ತೆ. ಆದರೆ ಈ ಸುಖ ಬಿಟ್ಟಿ ಸಿಗಲ್ಲ. ನೀರಿನ ಮೇಲೆದ್ದು ಓಡೋಕೆ ಚಪ್ಪಟೆ ತಳಕ್ಕಿಂತ ಜಾಸ್ತಿ ಶಕ್ತಿ ಬೇಡುತ್ತೆ. ಈ ಒಂದು ಮಾತು ಹಿಡ್ಕೊಂಡು ನಾನು ಮೂರು ತಿಂಗಳು ದಾರಿ ತಪ್ಪಿದೆ.

ಮೂರು ತಿಂಗಳು ಮಾಡಿದ್ದು ಒಂದೇ ಕೆಲಸ: ರಾತ್ರಿ ಊಟ ಆದಮೇಲೆ ಎಂಜಿನ್ ನೋಡೋದು. ಡೈನೋ ಅನ್ನೋ ಶಕ್ತಿ ಅಳೆಯೋ ಯಂತ್ರದ ಮೇಲೆ ಕೂತು ಗುಡುಗೋ ಬಿಗ್ ಬ್ಲಾಕ್‌ಗಳು, ಅಂದ್ರೆ ದೊಡ್ಡ ವಿ8 ಎಂಜಿನ್ನುಗಳು. 454 ಘನ ಇಂಚು, 502 ಘನ ಇಂಚು. ರೇಸ್ ಕಾರಿಗೆ ಅಂತ ಕಟ್ಟಿದ್ದ 600 ಎಚ್‌ಪಿ ಎಂಜಿನ್ ಒಂದು ಕಣ್ಣಿಗೆ ಬಿದ್ದಾಗ ಇನ್ನೇನು ಮುಂಗಡ ಕೊಟ್ಟೇಬಿಡ್ತೀನಿ ಅನ್ನೋ ಹಂತಕ್ಕೆ ಹೋಗಿದ್ದೆ. ಆ ಕುದುರೆಗಳನ್ನೆಲ್ಲ ನೀರಿಗೆ ದಾಟಿಸೋದು ಯಾವುದು ಅನ್ನೋ ಪ್ರಶ್ನೆ ಮಾತ್ರ ತಲೆಗೆ ಬಂದಿರಲಿಲ್ಲ.

ಇಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ದೀನಿ, ನೋಡಿ. ಎಂಜಿನ್ನಿಂದ ಹೊರಟ ತಿರುಗುಬಲ ಯೂನಿವರ್ಸಲ್ ಜಾಯಿಂಟ್ ದಾಟಿ ಡ್ರೈವಿನ ಮೇಲ್ಭಾಗಕ್ಕೆ ಹೋಗುತ್ತೆ. ಅಲ್ಲಿ 90 ಡಿಗ್ರಿ ತಿರುಗಿ ಕೆಳಗಿಳಿಯುತ್ತೆ. ಕೆಳಗೆ ಮತ್ತೆ 90 ಡಿಗ್ರಿ ತಿರುಗಿ ಪ್ರೊಪೆಲರ್ ತಲುಪುತ್ತೆ. ಎರಡು ಮೊಣಕೈ ಇರೋ ಒಂದು ತೋಳು ಅಂದುಕೊಳ್ಳಿ. ಅರ್ಧ ಟನ್ ತೂಗೋ ಎಂಜಿನ್ ಒದೆಯೋದನ್ನೆಲ್ಲ ಆ ಮೊಣಕೈಗಳಲ್ಲಿರೋ ಗೇರುಗಳೇ ತಡ್ಕೋಬೇಕು.

ನೇರ ಓಡುವಾಗ ಹೇಗೋ ತಡ್ಕೊಳ್ಳುತ್ತವೆ. ಕಷ್ಟ ಬರೋದು ಬೋಟು ಅಲೆ ಹತ್ತಿ ಹಾರಿದಾಗ. ಪ್ರೊಪೆಲರ್ ಗಾಳಿಯಲ್ಲಿ ಬರಿದೇ ತಿರುಗಿ ಎಂಜಿನ್ ಕಿರುಚುತ್ತೆ. ಮರುಕ್ಷಣ ಕೆಳಗೆ ಬಿದ್ದು ನೀರು ಕಚ್ಚಿದಾಗ ಅಷ್ಟೂ ವೇಗ ಒಂದೇ ಏಟಿಗೆ ಗೇರಿನ ಹಲ್ಲಿನ ಮೇಲೆ ಬೀಳುತ್ತೆ. ಸಮುದ್ರದ ಪವರ್‌ಬೋಟ್ ರೇಸುಗಳಲ್ಲಿ ಸ್ಟೀರಿಂಗ್ ಒಬ್ಬರು, ಥ್ರಾಟಲ್ ಇನ್ನೊಬ್ಬರು ಹಿಡಿಯೋದು ಸುಮ್ನೆ ಅಲ್ಲ. ಹಾರಿದ ಕೂಡಲೇ ಥ್ರಾಟಲ್ ಎಳೀಬೇಕು, ನೀರು ಮುಟ್ಟಿದ ಮೇಲೆ ಮತ್ತೆ ಕೊಡಬೇಕು. ನನ್ನ ಬೋಟಿನಲ್ಲಿ ಎರಡಕ್ಕೂ ಇರೋದು ನಾನೊಬ್ಬನೇ.

ಹಾಗಾಗಿ ಲೆಕ್ಕ ತಿರುಗಿಸಿದೆ. ಮೊದಲು ಡ್ರೈವ್, ಅದು ಹೊರೋವಷ್ಟು ಎಂಜಿನ್.

ತೂತು ಮರ್‌ಕ್ರೂಸರ್ ಅನ್ನೋ ಬ್ರಾಂಡಿನ ಡ್ರೈವಿನ ಅಳತೆಯದ್ದು. ಸ್ಟರ್ನ್‌ಡ್ರೈವನ್ನ 1959ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ವೋಲ್ವೋ ಪೆಂಟಾ. ಒಂದರ ಹಿಂದೆ ಒಂದು, ಎದುರು ದಿಕ್ಕಿನಲ್ಲಿ ತಿರುಗೋ ಜೋಡಿ ಪ್ರೊಪೆಲರಿನ ಡುವೋಪ್ರಾಪ್ ಕೂಡ ಅವರದ್ದೇ, 1982ರದು. ಒಳ್ಳೇ ಸಾಮಾನು. ಆದರೆ ಅದನ್ನ ಕೂರಿಸಬೇಕಂದ್ರೆ ಈ ತೂತು ಮುಚ್ಚಿ ಹೊಸದು ಕೊರೀಬೇಕು. ಬೇಡಪ್ಪ.

ಮರ್‌ಕ್ರೂಸರ್‌ನಲ್ಲಿ ನನ್ನ ಮುಂದಿದ್ದದ್ದು ಎರಡು: ಆಲ್ಫಾ ಒನ್, ಬ್ರಾವೋ ಒನ್. ಆಲ್ಫಾ ಹಗುರ, ಎಲ್ಲಿ ಹುಡುಕಿದ್ರೂ ಸಿಗುತ್ತೆ. ಆದರೆ ಸುಮಾರು 300 ಎಚ್‌ಪಿ ಅದರ ಮಿತಿ. 350 ಘನ ಇಂಚಿನ, ಅಂದ್ರೆ 5.7 ಲೀಟರಿನ ಸಾಧಾರಣ ಎಂಜಿನ್ ಜೊತೆ ಚೆನ್ನಾಗಿ ಬಾಳುತ್ತೆ. ಅದೇ ಎಂಜಿನ್ನಿಗೆ ಉದ್ದ ಸ್ಟ್ರೋಕಿನ ಕ್ರ್ಯಾಂಕ್ ಹಾಕಿ 383 ಘನ ಇಂಚು ಮಾಡಿಕೊಂಡು, ಆಮೇಲೆ ಒಂದೊಂದಾಗಿ ಗೇರು ಪುಡಿ ಮಾಡಿಕೊಂಡವರ ಕಥೆ ಬೇಕಾದಷ್ಟು ಕೇಳಿದ್ದೀನಿ. ಮೂಗಿಗಿಂತ ಮೂಗುತಿ ಭಾರ. ಬ್ರಾವೋ ಒನ್ ಬಿಗ್ ಬ್ಲಾಕ್‌ಗಂತಲೇ ಬಂದದ್ದು. ಗೇರು ಬದಲಾಯಿಸೋ ಕೋನ್ ಕ್ಲಚ್ ಮೇಲ್ಭಾಗದಲ್ಲಿದೆ. ನೀರಿನ ಪಂಪು ಡ್ರೈವಿನೊಳಗಿಲ್ಲ, ಎಂಜಿನ್ನಿಗೆ ಕೂತಿರುತ್ತೆ, ಪಂಪಿನೊಳಗಿನ ರಬ್ಬರ್ ಚಕ್ರ (ಇಂಪೆಲ್ಲರ್) ಬದಲಿಸೋಕೆ ಡ್ರೈವ್ ಇಳಿಸೋ ರಗಳೆ ಇಲ್ಲ. ಇದಕ್ಕೂ ಗಟ್ಟಿ ಬೇಕಂದ್ರೆ ಬ್ರಾವೋ ಎಕ್ಸ್‌ಆರ್ ಇದೆ, ಅದರಾಚೆ ನಂಬರ್ ಸಿಕ್ಸ್ ಇದೆ. ಅವುಗಳ ತನಕ ನನ್ನ ಕೈ ಚಾಚಲ್ಲ.

ಇನ್ನು ಎಷ್ಟು ಎಚ್‌ಪಿ? ಇದಕ್ಕೆ ಕ್ರೌಚ್ ಸೂತ್ರ ಅಂತ ಒಂದಿದೆ. ತೂಕವನ್ನ ಎಚ್‌ಪಿಯಿಂದ ಭಾಗಿಸಿ, ವರ್ಗಮೂಲ ತೆಗೆದು, ಅದರಿಂದ ಹಲ್‌ಗೆ ತಕ್ಕ ಒಂದು ಸ್ಥಿರಾಂಕವನ್ನ ಭಾಗಿಸಬೇಕು. ನಾನು ಹಿಡಿದ ಸ್ಥಿರಾಂಕ 210. ಎಂಜಿನ್, ಪೆಟ್ರೋಲ್, ನಾನು ಎಲ್ಲ ಸೇರಿ ಬೋಟಿನ ತೂಕ 5,000 ಪೌಂಡ್. 300 ಎಚ್‌ಪಿ ಹಾಕಿದ್ರೆ ಗಂಟೆಗೆ 51 ಮೈಲಿ. 415 ಹಾಕಿದ್ರೆ 60. ನಾನು ಕನಸು ಕಂಡ 600 ಹಾಕಿದ್ರೆ ಬರೀ 73! ಅರ್ಧದಷ್ಟು ಶಕ್ತಿ ಹೆಚ್ಚು ಸುರಿದ್ರೂ ಸಿಗೋದು ಇನ್ನೊಂದು ಹನ್ನೆರಡು ಮೈಲಿ. ವೇಗ ಎರಡು ಪಟ್ಟು ಬೇಕಂದ್ರೆ ಶಕ್ತಿ ನಾಲ್ಕು ಪಟ್ಟು. ಆ ರಾತ್ರಿ ಡೈನೋ ವಿಡಿಯೋ ನೋಡಲಿಲ್ಲ.

415 ಅನ್ನೋದು ನಾನು ಗಾಳಿಯಲ್ಲಿ ಹಿಡಿದ ಸಂಖ್ಯೆಯಲ್ಲ. ಮರ್‌ಕ್ರೂಸರ್‌ನ 8.2 ಲೀಟರಿನ 502 ಮ್ಯಾಗ್ನಮ್ ಎಂಪಿಐ ಎಂಜಿನ್ ಕಂಪನಿಯಿಂದ ಬರ್ತಿದ್ದದ್ದೇ ಅಷ್ಟು ಶಕ್ತಿಯಲ್ಲಿ. ಅದನ್ನ 1.5 ರೇಶಿಯೋದ ಬ್ರಾವೋ ಒನ್ ಜೊತೆ ಕೂರಿಸಿ ಇನ್ನೊಂದು ಕಡೆಯಿಂದ ಲೆಕ್ಕ ಹಾಕಿದೆ. ಎಂಜಿನ್ ನಿಮಿಷಕ್ಕೆ 4,900 ಸುತ್ತು. ಒಂದೂವರೆಯಿಂದ ಭಾಗಿಸಿದ್ರೆ ಪ್ರೊಪೆಲರ್ ಹತ್ರಹತ್ರ 3,267 ಸುತ್ತು. ಪಿಚ್ 22 ಇಂಚು, ಅಂದ್ರೆ ಬೆಣ್ಣೆಯಲ್ಲಿ ತಿರುಪು ತಿರುಗಿಸಿದ ಹಾಗೆ ಒಂದು ಸುತ್ತಿಗೆ 22 ಇಂಚು ಮುಂದೆ ಹೋಗಬೇಕು. ಗುಣಿಸಿ, ನಿಮಿಷದ ಇಂಚನ್ನ ಗಂಟೆಯ ಮೈಲಿಗೆ ತರೋ 1056ರಿಂದ ಭಾಗಿಸಿದ್ರೆ ಗಂಟೆಗೆ 68 ಮೈಲಿ. ನೀರು ಬೆಣ್ಣೆಯಲ್ಲವಲ್ಲ, ಜಾರುತ್ತೆ. ಜಾರಿಕೆಗೆ ನೂರಕ್ಕೆ 12 ಕಳೆದರೆ ಉಳಿಯೋದು 60. ತೂಕದ ಕಡೆಯಿಂದ ಬಂದರೂ 60, ಪ್ರೊಪೆಲರ್ ಕಡೆಯಿಂದ ಬಂದರೂ 60. ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ.

ಆ ರೇಸ್ ಕಾರಿನ ಎಂಜಿನ್ ಬಿಟ್ಟಿದ್ದಕ್ಕೆ ಇನ್ನೊಂದು ಕಾರಣ ಇದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಕಾರು ವೇಗ ಹಿಡಿದ ಮೇಲೆ ಎಂಜಿನ್ನಿಗೆ ಒಂದಿಷ್ಟು ಆರಾಮ ಸಿಗುತ್ತೆ. ಬೋಟಿಗೆ ಅದಿಲ್ಲ, ಹೊರಟಾಗಿಂದ ನಿಲ್ಲೋ ತನಕ ಘಾಟಿ ಹತ್ತುತ್ತಲೇ ಇರೋ ಹಾಗೆ. ಎರಡನೇದು ಕ್ಯಾಮ್‌ಶಾಫ್ಟ್, ವಾಲ್ವುಗಳನ್ನ ತೆರೆದು ಮುಚ್ಚೋ ದಂಡ. ರೇಸ್ ಕ್ಯಾಮಿನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ವಾಲ್ವುಗಳು ಎರಡೂ ಒಟ್ಟಿಗೆ ತೆರೆದಿರೋ ಹೊತ್ತು ಜಾಸ್ತಿ. ಬೋಟಿನ ಎಕ್ಸಾಸ್ಟಿನಲ್ಲಿ ಹೊಗೆ ತಣಿಸೋಕೆ ನೀರು ಬೆರೆಯುತ್ತೆ. ಐಡಲ್‌ನಲ್ಲಿ ಆ ಎಂಜಿನ್ ಉಸಿರು ಹಿಂದಕ್ಕೆ ಎಳೆದಾಗ ಆ ನೀರನ್ನೂ ಸಿಲಿಂಡರ್ ಒಳಕ್ಕೆ ಎಳ್ಕೊಳ್ಳುತ್ತೆ. ಪಿಸ್ಟನ್ ನೀರನ್ನ ಒತ್ತೋಕಾಗಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತೆ.

ಮೂರನೇದು ಬೆಂಕಿ. ಇದರಲ್ಲಿ ತಮಾಷೆ ಇಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಕಾರಿನ ಬಾನೆಟ್ ಕೆಳಗೆ ಅದು ನೆಲಕ್ಕೆ ಹರಿದು ಹೋಗುತ್ತೆ, ಬೋಟಿನಲ್ಲಿ ತಳದ ಬಿಲ್ಜ್‌ನಲ್ಲಿ ಕೆರೆ ಕಟ್ಟಿದ ಹಾಗೆ ನಿಲ್ಲುತ್ತೆ. ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್ ಒಳಗಿನ ಕಿಡಿ ಹೊರಗಿನ ಆವಿಗೆ ತಾಕಬಹುದು. ಬೋಟಿನವಕ್ಕೆ ಕಿಡಿ ಹೊರಗೆ ದಾಟದ ಹಾಗೆ ಕಟ್ಟಿರ್ತಾರೆ. ನೋಡೋಕೆ ಎರಡೂ ಒಂದೇ ಥರ, ಬೋಲ್ಟೂ ಕೂರುತ್ತೆ. ಕೂರುತ್ತೆ ಅಂತ ಕೂರಿಸಬೇಡಿ. ಶುರು ಮಾಡೋ ಮುಂಚೆ ಆವಿ ಹೊರಗೆ ತಳ್ಳೋ ಫ್ಯಾನು (ಬ್ಲೋವರ್) ನಾಲ್ಕು ನಿಮಿಷ ಓಡಿಸಿ, ಮೂಸಿ ನೋಡಿ.

"ಔಟ್‌ಬೋರ್ಡ್ ಯಾಕೆ ಹಾಕಲ್ಲ?" ಅಂತ ಕೇಳೋರು ಕೇಳೇ ಕೇಳ್ತೀರಿ. ಬೋಟಿನ ಹೊರಗೆ, ಹಿಂದೆ ತೂಗುಹಾಕೋ ಎಂಜಿನ್ ಅದು. ನ್ಯಾಯವಾದ ಪ್ರಶ್ನೆ. ಮರ್ಕ್ಯುರಿ ರೇಸಿಂಗ್‌ನ 450ಆರ್ 4.6 ಲೀಟರಿನ ಸೂಪರ್‌ಚಾರ್ಜ್ಡ್ ವಿ8, 450 ಎಚ್‌ಪಿ, ತೂಕ 313 ಕೆಜಿ. ಅಂಕಿಯಲ್ಲಿ ನನ್ನ ಆಯ್ಕೆಯನ್ನ ಮಣ್ಣು ಮುಕ್ಕಿಸುತ್ತೆ. ಆದರೆ ತೂಕ ಎಲ್ಲ ಹಿಂಗೋಡೆಯ ಆಚೆ ಹೋಗಿ ನೇತಾಡುತ್ತೆ, ಈ ಹಲ್ ಎಂಜಿನ್ ಒಳಗಿರಬೇಕು ಅಂತ ತೂಗಿ ಮಾಡಿದ್ದು. ಜೊತೆಗೆ, ಹೇಳಿಬಿಡ್ತೀನಿ, ಹ್ಯಾಚ್ ಎತ್ತಿದಾಗ ಅಲ್ಲೊಂದು ಬಿಗ್ ಬ್ಲಾಕ್ ಕೂತಿರಬೇಕು ಅನ್ನೋ ಆಸೆ. ಪ್ರೊಪೆಲರ್ ಬದಲು ನೀರು ಚಿಮ್ಮಿಸಿ ಓಡೋ ಜೆಟ್ ಡ್ರೈವ್ ಆಳವಿಲ್ಲದ ನದಿಗೆ ಚೆನ್ನ. ನನ್ನ ನೀರು ಆಳ.

ಕೊನೆಗೆ 502 ಒಂದು ಸಿಕ್ಕಿತು. ಓಡಿದ ಗಂಟೆ ಎಣಿಸೋ ಮೀಟರನ್ನ ನಾನು ನಂಬಲ್ಲ. ಎಂಜಿನ್ನನ್ನೇ ನೋಡಿದೆ. ಎಂಟೂ ಸಿಲಿಂಡರಿನ ಕಂಪ್ರೆಶನ್ ಹೆಚ್ಚು ಕಮ್ಮಿ ಒಂದೇ, ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿಲ್ಲ, ಅಂದ್ರೆ ನೀರು ಬೆರೆತಿಲ್ಲ. ಹೊಗೆ ಸಾಗಿಸೋ ಎಕ್ಸಾಸ್ಟ್ ಮ್ಯಾನಿಫೋಲ್ಡು, ರೈಸರುಗಳನ್ನ ಮಾತ್ರ ಉಪ್ಪು ನೀರು ತಿಂದುಹಾಕಿತ್ತು, ಅವು ಕಸಕ್ಕೆ. ಬ್ರಾವೋ ಬೇರೆ ಕಡೆ ಸಿಕ್ಕಿತು. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಅಂಟಿದ್ದು ನುಣ್ಣನೆ ಬೂದು ಪೇಸ್ಟು, ಲೋಹದ ಚೂರಿಲ್ಲ, ಅಂದ್ರೆ ಗೇರಿನ ಹಲ್ಲು ಮುರಿದಿಲ್ಲ. ಅದನ್ನ ನೋಡಿ ಆದಷ್ಟು ಖುಷಿ ಈ ವರ್ಷ ಇನ್ಯಾವುದಕ್ಕೂ ಆಗಿರಲಿಲ್ಲ.

ಎರಡೂ ಬಂದು ಶೆಡ್ಡಿನಲ್ಲಿ ಕೂತ ಮೇಲೆ, ಅಳವಡಿಸೋ ಮುಂಚೆ ಇರಲಿ ಅಂತ ಹಿಂಗೋಡೆಯನ್ನ ಸುತ್ತಿಗೆಯ ಹಿಡಿಯಿಂದ ಕುಟ್ಟುತ್ತಾ ಬಂದೆ. ಮೇಲೆಲ್ಲ ಗಟ್ಟಿ ಸದ್ದು. ಕೆಳಗೆ, ಡ್ರೈನ್ ಪ್ಲಗ್ ಹತ್ರ, ಮಂದ ಸದ್ದು. ಮೊದಲೇ ಮಾಡಬೇಕಿದ್ದ ಕೆಲಸ, ಗೊತ್ತು, ಬೈಕೊಳ್ಳಿ. ಒಳಗಡೆಯಿಂದ ಸಣ್ಣ ಡ್ರಿಲ್ ಹಾಕಿದೆ. ಮೇಲಿನ ತೂತಿನಿಂದ ಬಂದ, ಹಿಂಗೋಡೆಯೊಳಗಿನ ಪ್ಲೈವುಡ್ ಹುಡಿ ಒಣಗಿತ್ತು, ತಿಳಿ ಹಳದಿ. ಕೆಳಗಿನ ತೂತಿನಿಂದ ಬಂದದ್ದು, ಇಲ್ಲಿ ನನ್ನ ಅಂಗೈಯಲ್ಲಿದೆ ನೋಡಿ, ಕಪ್ಪಗೆ, ಒದ್ದೆಯಾಗಿ, ಕಾಫಿ ಗಸಿಯ ಹಾಗೆ.

ಎಂಜಿನ್ನಿಗೆ ಟಾರ್ಪಾಲಿನ್ ಹೊದಿಸಿದ್ದೀನಿ. ನಾಳೆ ಗ್ರೈಂಡರ್ ಹಿಡೀತೀನಿ.