ಕೆಳಗೆ ನೋಡಿ ನಡೆಯಿರಿ

ಕೇಳುಗರಿಗೆ ನಮಸ್ಕಾರ.

ಮಗನ ಮನೆ, ಮಗಳ ಮನೆ ಅಂತ ಲಂಡನ್ನಿಗೆ ಹೋಗಿ ಮೂರು ತಿಂಗಳು ಇದ್ದು ಬರುವವರು ಈಗ ನಮ್ಮ ಬೀದಿಬೀದಿಯಲ್ಲೂ ಇದ್ದಾರೆ. ಅವರನ್ನು ನೆನೆದೇ ಮಾತಾಡುತ್ತೇನೆ. ಮಕ್ಕಳು ಆಫೀಸಿಗೆ ಹೋದ ಮೇಲೆ ಕಿಟಕಿ ಪಕ್ಕ ಸುಮ್ನೆ ಕೂತು ಮಳೆ ನೋಡಿದ್ದು ಸಾಕು. ವಾಟರ್ಲೂ ಸ್ಟೇಷನ್ನಿನಲ್ಲಿ ರೈಲು ಹತ್ತಿ. ಸುಮಾರು ಒಂದು ಗಂಟೆಯ ದಾರಿ. ವಿಂಚೆಸ್ಟರ್‌ನಲ್ಲಿ ಇಳಿಯಿರಿ.

ಅಲ್ಲಿಗೆ ಹೋದವರು ಏನು ಮಾಡುತ್ತಾರೆ ಗೊತ್ತಾ? ಅಲ್ಲಿನ ಕೆಥೀಡ್ರಲ್, ಅಂದರೆ ದೊಡ್ಡ ಚರ್ಚಿನ ಒಳಗೆ ಹೋಗುತ್ತಾರೆ. ಕತ್ತೆತ್ತಿ ಚಾವಣಿ ನೋಡುತ್ತಾರೆ. ‘ಅಬ್ಬಬ್ಬಾ’ ಅನ್ನುತ್ತಾರೆ. ನಾಲ್ಕು ಫೋಟೊ ಹೊಡೆದು, ಹೊರಗೆ ಬಂದು ಕಾಫಿ ಹುಡುಕುತ್ತಾರೆ. ಅಲ್ಲಿಗೆ ಮುಗಿಯಿತು. ಇದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ. ನಾನು ಮೂವತ್ತು ವರ್ಷ ಕಟ್ಟಡಗಳಿಗೆ ಪಾಯ ಹಾಕಿಸಿದ ಇಂಜಿನಿಯರ್. ನಾನು ಹೇಳುವುದು ಒಂದೇ ಮಾತು. ಆ ಊರಲ್ಲಿ ಮೇಲೆ ನೋಡಬೇಡಿ. ಕೆಳಗೆ ನೋಡಿ.

ಯಾಕೆ ಅಂತ ಹೇಳುತ್ತೇನೆ. ಈ ಕೆಥೀಡ್ರಲ್ ಕಟ್ಟಲು ಶುರು ಮಾಡಿದ್ದು 1079ರಲ್ಲಿ. ಉದ್ದ ಸುಮಾರು 170 ಮೀಟರ್. ಎಲ್ಲಾ ಕಲ್ಲು. ಇಷ್ಟು ಭಾರವನ್ನು ಇಟ್ಟಿರುವುದು ಎಲ್ಲಿ? ಇಚೆನ್ ನದಿಯ ಪಕ್ಕದ ಜೌಗು ನೆಲದ ಮೇಲೆ. ಸುಮಾರು 1200ರ ಹೊತ್ತಿಗೆ ಪೂರ್ವದ ತುದಿಯನ್ನು ಬೆಳೆಸಿದರಲ್ಲ, ಆಗ ಮರದ ದಿಮ್ಮಿಗಳನ್ನು ಹಾಸಿ ಅದರ ಮೇಲೇ ಗೋಡೆ ಎಬ್ಬಿಸಿಬಿಟ್ಟರು. ಅದರ ಕೆಳಗೆ ಏನಿದೆ? ಗಿಡಗಂಟಿ ಕೊಳೆತು ಆದ ಮೆತ್ತನೆಯ ಕಪ್ಪು ಮಣ್ಣು. ಆಮೇಲೆ ನೀರು. 1905ರ ಹೊತ್ತಿಗೆ ಗೋಡೆ ವಾಲಿತ್ತು. ಬಿರುಕು ಬಿಟ್ಟು ಕಲ್ಲಿನ ಚೂರು ಉದುರುತ್ತಿತ್ತು.

ನಮ್ಮ ಸೈಟಿನಲ್ಲಿ ಪಾಯ ತೋಡುವಾಗ ನೀರು ಬಂದರೆ ಏನು ಮಾಡುತ್ತೇವೆ? ಪಂಪ್ ಇಟ್ಟು ನೀರು ಎತ್ತುತ್ತೇವೆ. ಅಲ್ಲಿ ಹಾಗೆ ಮಾಡುವ ಹಾಗಿರಲಿಲ್ಲ. ನೀರಿನ ಜೊತೆ ಗೋಡೆಯಡಿಯ ನುಣ್ಣನೆ ಮಣ್ಣೂ ಬಂದುಬಿಡುತ್ತದೆ, ಗೋಡೆ ಇನ್ನಷ್ಟು ಕೂರುತ್ತದೆ. ಆಗ ಫ್ರಾನ್ಸಿಸ್ ಫಾಕ್ಸ್ ಎಂಬ ಇಂಜಿನಿಯರ್ ಒಂದು ಉಪಾಯ ಹೇಳಿದರು. ನೀರನ್ನು ಅಲ್ಲೇ ಬಿಡೋಣ, ಮುಳುಗುಗಾರನನ್ನು ಕರೆಸೋಣ!

ಬಂದವರು ವಿಲಿಯಂ ವಾಕರ್. 1906ರಿಂದ 1911ರವರೆಗೆ ಗೋಡೆಯ ಬುಡದ ಗುಂಡಿಗಳಲ್ಲಿ ಕೆಲಸ ಮಾಡಿದರು. ಆರು ಮೀಟರ್‌ವರೆಗೂ ಆಳ. ನೀರು ಎಷ್ಟು ಬಗ್ಗಡ ಅಂದರೆ ದೀಪ ಹಿಡಿದರೂ ಪ್ರಯೋಜನವಿಲ್ಲ. ಪೂರ್ತಿ ಕತ್ತಲು, ಎಲ್ಲವೂ ಕೈಯಲ್ಲಿ ತಡವಿ. ಮೈಮೇಲೆ ಸುಮಾರು 90 ಕಿಲೊ ತೂಕದ ಉಡುಪು. ಅದನ್ನು ಬಿಚ್ಚಿ ಹಾಕುವುದು ದೊಡ್ಡ ತಾಪತ್ರಯ. ಹಾಗಾಗಿ ಊಟಕ್ಕೆ ಮೇಲೆ ಬಂದಾಗ ಶಿರಸ್ತ್ರಾಣ ಮಾತ್ರ ತೆಗೆದು, ಒಂದು ಪೈಪ್ ಸೇದಿ, ಮತ್ತೆ ಇಳಿಯುತ್ತಿದ್ದರು. ಮೆತ್ತನೆ ಮಣ್ಣು ಕಿತ್ತು, ಗಟ್ಟಿ ಜಲ್ಲಿಯ ನೆಲ ಸಿಕ್ಕಿದ ಮೇಲೆ ಕಾಂಕ್ರೀಟ್ ಚೀಲಗಳನ್ನು ಒತ್ತಾಗಿ ಜೋಡಿಸಿ, ಸೀಳಿಬಿಡುವುದು. ಅದು ಗಟ್ಟಿಯಾಗಿ ಕೆಳಗಿನ ನೀರಿಗೆ ಬಿರಡೆ ಹಾಕಿದ ಹಾಗೆ ಆಗುತ್ತದೆ. ಆಮೇಲೆ ಗುಂಡಿಯ ನೀರು ಎತ್ತಿದರೆ ಗಾರೆಯವರು ಇಳಿದು ಇಟ್ಟಿಗೆ ಕಟ್ಟಬಹುದು. ಹೀಗೆ 25,000ಕ್ಕೂ ಜಾಸ್ತಿ ಚೀಲ. 9 ಲಕ್ಷ ಇಟ್ಟಿಗೆ. ಒಬ್ಬ ಮುಳುಗುಗಾರ!

1912ರಲ್ಲಿ ದೊರೆ ಐದನೇ ಜಾರ್ಜ್ ಖುದ್ದಾಗಿ ಬಂದು ವಾಕರ್‌ಗೆ ಧನ್ಯವಾದ ಹೇಳಿದರು. ಆರು ವರ್ಷ ಕಳೆದ ಮೇಲೆ, 1918ರಲ್ಲಿ, ಇನ್‌ಫ್ಲುಯೆಂಜಾ ಮಾರಿ ಆ ಮನುಷ್ಯನನ್ನು ಕೊಂಡೊಯ್ದಿತು. ಕಥೆ ಇಲ್ಲಿಗೂ ಮುಗಿಯಲಿಲ್ಲ. 1964ರಲ್ಲಿ ವಾಕರ್ ನೆನಪಿಗೆ ಒಂದು ಪುಟ್ಟ ಪ್ರತಿಮೆ ಇಟ್ಟರು. ಫೋಟೊ ನೋಡಿ ಮಾಡಿದವರು ಯಾರ ಮುಖ ಮಾಡಿದ್ದರು ಗೊತ್ತಾ? ಇಂಜಿನಿಯರ್ ಫಾಕ್ಸ್ ಅವರದ್ದು! ಕೆಸರಿಗಿಳಿದವನು ಒಬ್ಬ, ಮುಖ ಮೇಲೆ ನಿಂತವನದು. ನನ್ನ ಕಸುಬಿನವರಿಗೆ ಇದು ಹೊಸದೇನಲ್ಲ ಬಿಡಿ. 2001ರಲ್ಲಿ ಅದನ್ನು ಬದಲಿಸಿ ವಾಕರ್ ಮುಖದ್ದೇ ಬೇರೆ ಪ್ರತಿಮೆ ಇಟ್ಟರು. ದಯವಿಟ್ಟು ಅದನ್ನು ಹುಡುಕಿ ನೋಡಿ.

ಅಯ್ಯೋ, ಇದರಲ್ಲೇ ಹೊತ್ತು ಹೋಯಿತು. ಬೇಗ ಬೇಗ ಹೇಳುತ್ತೇನೆ.

ನೆಲಮಾಳಿಗೆಗೆ ಹೋಗಿ. ಚಳಿಗಾಲದ ಮಳೆಯಲ್ಲಿ ಅಲ್ಲಿ ಇಂದಿಗೂ ನೀರು ತುಂಬುತ್ತದೆ. ಆ ನೀರಲ್ಲಿ ಒಬ್ಬ ಮನುಷ್ಯ ಬೊಗಸೆ ನೋಡುತ್ತಾ ನಿಂತಿದ್ದಾನೆ. ಶಿಲ್ಪಿ ಆಂಟನಿ ಗಾರ್ಮ್ಲಿ ಮಾಡಿದ ಮೂರ್ತಿ. ನೋಡಿದಿರಾ, ಅವನೂ ಕೆಳಗೇ ನೋಡುತ್ತಿದ್ದಾನೆ.

ಮೇಲೆ ಬಂದರೆ ನೆಲದಲ್ಲಿ ಜೇನ್ ಆಸ್ಟಿನ್ ಸಮಾಧಿಯ ಚಪ್ಪಡಿ. ಕತ್ತೆತ್ತಿ ನಡೆಯುವವರು ಅದನ್ನು ತುಳಿದೇ ಹೋಗುತ್ತಾರೆ. ಒಳ್ಳೆಯ ಗುಣದವಳು ಅಂತ ಅದರ ಮೇಲೆ ಉದ್ದಕ್ಕೆ ಬರೆದಿದ್ದಾರೆ. ಕಾದಂಬರಿ ಬರೆದಳು ಅಂತ ಮಾತ್ರ ಒಂದಕ್ಷರ ಇಲ್ಲ! ಆಕೆ ತೀರಿಕೊಂಡದ್ದು ಇದೇ ಊರಲ್ಲಿ, 1817ರ ಜುಲೈ 18ರಂದು, 41ನೇ ವಯಸ್ಸಿನಲ್ಲಿ. ಮೂರು ದಿನ ಮುಂಚೆ ಹಾಸಿಗೆಯಲ್ಲೇ ಒಂದು ತಮಾಷೆ ಪದ್ಯ ಹೇಳಿ ಬರೆಸಿದ್ದರು. ಅದು ಈ ಊರಿನ ಸಂತ ಸ್ವಿದನ್ ಮತ್ತು ಮಳೆಯ ಮೇಲೆ. ಈ ಸಂತ ನನಗೆ ಬಹಳ ಇಷ್ಟ. ನನ್ನನ್ನು ಹೊರಗೆ ಹೂಳಿ, ಜನರ ಕಾಲು, ಮಳೆಯ ನೀರು ನನ್ನ ಮೇಲೆ ಬೀಳಲಿ ಅಂದರಂತೆ. ಅವರ ಹಬ್ಬ ಜುಲೈ 15. ಅಂದು ಮಳೆ ಬಂದರೆ ಮುಂದೆ ನಲವತ್ತು ದಿನ ಮಳೆ ಅಂತ ಅಲ್ಲಿನವರ ಲೆಕ್ಕ. ನಮ್ಮಲ್ಲಿ ಆರಿದ್ರೆ, ಪುನರ್ವಸು ಅಂತ ಮಳೆ ಎಣಿಸುತ್ತೇವಲ್ಲ, ಹಾಗೆ.

ಕೋಟೆಯ ಗ್ರೇಟ್ ಹಾಲ್‌ನಲ್ಲಿ, ಅಲ್ಲಿನವರ ಹಳೇ ದಂತಕಥೆಗಳಲ್ಲಿ ಬರುವ ಆರ್ಥರ್ ದೊರೆಯ ದುಂಡು ಮೇಜು ಅಂತ ಒಂದಿದೆ. ಆರ್ಥರ್‌ದಲ್ಲ, 13ನೇ ಶತಮಾನದ್ದು. ಅದನ್ನು ಗೋಡೆಗೆ ಎತ್ತರದಲ್ಲಿ ತೂಗುಹಾಕಿದ್ದಾರೆ. ಹೋಗಲಿ, ಅದಕ್ಕೊಂದು ಸಲ ಕತ್ತೆತ್ತಿ.

ಆಮೇಲೆ ನದಿ ಪಕ್ಕದ ಹುಲ್ಲುಗಾವಲಲ್ಲಿ ಅರ್ಧ ಗಂಟೆ ನಡೆದರೆ ಸೇಂಟ್ ಕ್ರಾಸ್. 12ನೇ ಶತಮಾನದ ಧರ್ಮಛತ್ರ. ದಾರಿಹೋಕರಿಗೆ ಅಂತ ಅಲ್ಲಿ ಒಂದು ಚೂರು ಬ್ರೆಡ್ಡು, ಒಂದು ಗುಟುಕು ಬಿಯರ್ ಇಂದಿಗೂ ಕೊಡುತ್ತಾರೆ. ಆದರೆ ಬಾಯಿಬಿಟ್ಟು ಕೇಳಬೇಕು. ನಮ್ಮವರು ಸಂಕೋಚಪಟ್ಟು ಹಾಗೇ ಬಂದುಬಿಡುತ್ತಾರೆ. ಕೇಳಿ. ಬಿಯರ್ ಬೇಡದಿದ್ದರೆ ಬ್ರೆಡ್ಡು ತಿನ್ನಿ.

ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ನಿಲ್ಲಿಸುತ್ತೇನೆ. ಒಳ್ಳೆಯ ಬೂಟು ಹಾಕಿಕೊಂಡು ಹೋಗಿ. ಸೇಂಟ್ ಕ್ರಾಸ್ ದಾರಿಯಲ್ಲಿ ಮಳೆ ಬಂದರೆ ಕೆಸರು. ಅಲ್ಲಂತೂ ನಾನು ಹೇಳದಿದ್ದರೂ ಕೆಳಗೆ ನೋಡುತ್ತೀರಿ. ನಮಸ್ಕಾರ.